ಶಟಲ್ ಅವರ ಕೊಡ್ತಾರಂತ

ಪ್ಯಾರಿಸ್ ಹೇಗಿತ್ತು ಎಂದು ಜಮಖಂಡಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆಲ್ಲ ನಾನು ಅಲ್ಲಿನ ವಿಮಾನ ನಿಲ್ದಾಣದ ಕತೆಯನ್ನೇ ಹೇಳುತ್ತೇನೆ. ಆರು ದಿನ ಇದ್ದೆವು. ಗೋಪುರ, ನದಿ, ಸೇತುವೆ ಎಲ್ಲ ನೋಡಿದ್ದಾಯಿತು. ಅವು ಕ್ಯಾಲೆಂಡರಿನಲ್ಲಿ ಇದ್ದ ಹಾಗೆಯೇ ಇದ್ದವು. ಇಳಿದ ದಿನ ನಿಲ್ದಾಣದಿಂದ ಹೊರಬಿದ್ದು ಸೇರಬೇಕಾದಲ್ಲಿಗೆ ಸೇರಲು ಪಟ್ಟ ಪಾಡು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಮೊದಮೊದಲು 'ಆರು ತಾಸು ಅಲೆದೆ' ಎನ್ನುತ್ತಿದ್ದೆ. ಮೊನ್ನೆ ಕೋಟಿನ ಜೇಬಿನಲ್ಲಿ ಆ ದಿನದ ರೈಲು ಟಿಕೆಟ್ ಸಿಕ್ಕಿತು. ಅದರ ಮೇಲೆ ಅಚ್ಚಾದ ಸಮಯ ನೋಡಿದರೆ ಮೂರು ತಾಸೂ ಆಗುವುದಿಲ್ಲ. ಉಳಿದ ಮೂರು ತಾಸು ಎಲ್ಲಿಂದ ಬಂದು ಸೇರಿಕೊಂಡವೋ ಗೊತ್ತಿಲ್ಲ. ಹೀಗಾಗಿ ಓದುವವರು ನನ್ನ ಗಡಿಯಾರವನ್ನು ನಂಬಬೇಡಿ. ನಡೆದದ್ದನ್ನು ನಂಬಬಹುದು. ಅದಕ್ಕೆ ಇನ್ನೊಬ್ಬ ಸಾಕ್ಷಿ ಇದ್ದಾಳೆ, ಅವಳು ನನಗಿಂತ ಗಟ್ಟಿ.

ಬನಹಟ್ಟಿ

ಆ ಸಾಕ್ಷಿ ನನ್ನ ಚಿಗವ್ವ, ಗಂಗವ್ವ. ಕರೆ ಬಂದದ್ದು ಅವಳಿಗೆ. ನಾನು ಅವಳ ಬೆನ್ನಿಗೆ ಹೋದವನು.

ಬನಹಟ್ಟಿಯ ಮನೆಯ ಪಡಸಾಲೆಯಲ್ಲಿ ಅವಳ ಕುಣಿಮಗ್ಗ ಇದೆ. ಅದರಲ್ಲಿ ಕೂತು ನಲವತ್ತು ವರ್ಷ ಸೀರೆ ನೇಯ್ದಿದ್ದಾಳೆ. ಸೀರೆಗಳೆಲ್ಲ ಅಂಗಡಿಯ ಹೆಸರಿನ ಸಿಕ್ಕಾ ಹೊತ್ತು ಹೋದವು. ಒಂದರ ಮೇಲೂ ಅವಳ ಹೆಸರಿರಲಿಲ್ಲ, ಇರಬೇಕು ಎಂದು ನಮಗ್ಯಾರಿಗೂ ಅನಿಸಿರಲೂ ಇಲ್ಲ. ಅವಳು ನೇಯ್ದ ಒಂದು ಸೀರೆಯಂಚಿನ ದಡಿಯ ತುಂಡು ಯಾರ ಕೈಯಿಂದ ಯಾರ ಕೈಗೋ ದಾಟಿ ಪ್ಯಾರಿಸ್ಸಿನ ಕೈಮಗ್ಗ ಪ್ರದರ್ಶನದವರ ಕಣ್ಣಿಗೆ ಬಿತ್ತು. ಕಾಗದ ಬಂತು. ಹಲವು ದೇಶಗಳ ನೇಕಾರರು ಜನರ ಎದುರಿಗೆ ಕೂತು ನೇಯಬೇಕು. ಪ್ರತಿ ಮಗ್ಗದ ಮುಂದೆ ನೇಯುವವರ ಹೆಸರಿನ ಫಲಕ ಇರುತ್ತದೆ. ಆ ಒಂದು ಸಾಲನ್ನು ಚಿಗವ್ವ ನನ್ನಿಂದ ನಾಲ್ಕು ಸಲ ಓದಿಸಿದಳು.

"ಫಲಕದ ಮ್ಯಾಲ ಅಂಗಡಿ ಹೆಸರೋ, ನನ್ನ ಹೆಸರೋ?"

"ನಿಂದ."

"ಮತ್ತೊಮ್ಮಿ ನೋಡು. ನಿಮ್ಮ ಕಾಕಾಂದು ಬರದಿರಬೇಕು."

"ನಿಂದ ಐತಿ ಚಿಗವ್ವಾ. ಗಂಗವ್ವ ಅಂತ."

ಅದಕ್ಕೊಂದು ಷರತ್ತಿತ್ತು. ಮೊದಲ ದಿನ ಮಧ್ಯಾಹ್ನ ಮೂರರೊಳಗೆ ಹಾಸು ಮಗ್ಗಕ್ಕೇರಿರಬೇಕು. ಏರದಿದ್ದರೆ ಆ ಮಗ್ಗವೂ ಆ ಫಲಕವೂ ಕಾದು ನಿಂತ ಮತ್ತೊಬ್ಬರ ಪಾಲು. ಹಾಸು ಎಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ನೂಲು. ಅದನ್ನು ಸುತ್ತಲು ಇಬ್ಬರು ಬೇಕು. ಒಬ್ಬರು ಸುತ್ತುತ್ತಿದ್ದರೆ ಇನ್ನೊಬ್ಬರು ದೂರ ನಿಂತು ತುದಿ ಹಿಡಿದು, ಜೋಲು ಬೀಳದ ಹಾಗೆ, ಹರಿಯದ ಹಾಗೆ, ನಿಧಾನ ಬಿಡುತ್ತ ಬರಬೇಕು. ಆ ಇನ್ನೊಬ್ಬ ನಾನು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ದುಭಾಷಿಯಾಗಿ ಹೊರಟಿದ್ದೇನೆ ಎಂದು ಊರ ತುಂಬ ಹೇಳಿಕೊಂಡಿದ್ದೆ. ಚಿಗವ್ವನಿಗೆ ಬೇಕಾಗಿದ್ದದ್ದು ನನ್ನ ಎರಡು ಕೈ.

ಕಾಗದದ ಕೊನೆಯಲ್ಲಿ ಅವರು ಕೊಡುವ ಸಾಮಾನುಗಳ ಪಟ್ಟಿ ಇತ್ತು. ಮಗ್ಗ, ಕೂರಲು ಹಲಗೆ, ದೀಪ. ಅದರ ಕೆಳಗೆ: ಭಾಗವಹಿಸುವ ಎಲ್ಲರಿಗೂ ಶಟಲ್ ಒದಗಿಸಲಾಗುವುದು. ಪಕ್ಕದಲ್ಲಿ ಫ್ರೆಂಚಿನಲ್ಲಿ ಒಂದು ಸಾಲು, ಒಂದು ಬಾಗಿಲಿನ ಸಂಖ್ಯೆ. ಸಾಮಾನಿನ ಕೋಣೆಯ ಬಾಗಿಲಿರಬೇಕು ಅಂದುಕೊಂಡೆ.

ಶಟಲ್ ಎಂದರೆ ಏನೆಂದು ಬನಹಟ್ಟಿಯಲ್ಲಿ ಹುಟ್ಟಿದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೈಮಗ್ಗದವರ ಬಾಯಲ್ಲಿ ಲಾಳಿ, ಪಾವರ್‌ಲೂಮಿನವರ ಬಾಯಲ್ಲಿ ಶಟಲ್. ಹಾಸಿನ ನಡುವೆ ಅತ್ತಿಂದಿತ್ತ ಓಡಿ ಅಡ್ಡನೂಲು ಹಾಕುವ, ಪುಟ್ಟ ದೋಣಿಯಂಥ ಕಟ್ಟಿಗೆ.

"ಶಟಲ್ ಅವರ ಕೊಡ್ತಾರಂತ. ನಿನ್ನ ಲಾಳಿ ಇಲ್ಲೇ ಇರಲಿ. ಅದರ ಕಬ್ಬಿಣದ ಮೊನಿ ನೋಡಿ ವಿಮಾನದವ್ರು ತಕರಾರು ತಗೀತಾರ."

"ಮಂದಿ ಲಾಳಿ ನನ್ನ ಕೈಗೆ ಕುಂದರೂದಿಲ್ಲೋ."

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಕಾಕಾ ಸುಮ್ಮನಿರಲಿಲ್ಲ. "ಏ ಗಂಗಾ, ಪ್ಯಾರಿಸ್ಸಿನ ಲಾಳಿಗೆ ಅತ್ತರ ಹಚ್ಚಿರ್ತಾರ. ಒಂದ ಸಲ ಒಗದು ನೋಡು."

"ನೀವು ಸುಮ್ನ ಕುಂದರ್ರಿ. ಲಗ್ನ ಆದಾಗಿಂದ ಒಂದು ಕಂಡಿಕಿ ನೂಲು ಸುತ್ತಿ ಕೊಟ್ಟಾವ್ರಲ್ಲ, ಲಾಳಿ ಸುದ್ದಿ ಹೇಳಾಕ ಬಂದ್ರಿ."

ನನ್ನ ಮಾತಿಗೆ ಒಪ್ಪಿದಂತೆ ತಲೆಯಾಡಿಸಿದಳು. ಲಾಳಿಯನ್ನು ಸಜ್ಜಿ ರೊಟ್ಟಿಗಳ ನಡುವೆ ಅಡಗಿಸಿ ದೊಡ್ಡ ಬ್ಯಾಗಿಗೆ ಹಾಕಿದ್ದು ನನಗೆ ತಿಳಿದದ್ದು ಆಮೇಲೆ.

ಬಾಣಗಳು

ಜಮಖಂಡಿ ಸ್ಟ್ಯಾಂಡಿನಲ್ಲಿ ಓದು ಬರಹ ಬೇಕಿಲ್ಲ, ಕಿವಿ ಇದ್ದರೆ ಸಾಕು. 'ರಬಕವಿ ಬನಹಟ್ಟಿ ತೇರದಾಳ' ಎಂದು ಕಂಡಕ್ಟರ್ ಮೂರೂ ಊರನ್ನು ಒಂದೇ ಉಸಿರಿನಲ್ಲಿ ಒದರುತ್ತಾನೆ. ತಪ್ಪು ಬಸ್ಸು ಹತ್ತಿದರೂ ಚಿಂತೆಯಿಲ್ಲ. 'ಇದು ಬೀಳಗಿಗೆ ಹೊಂಟೈತಿ, ಇಳೀರಿ ಯಜಮಾನ್ರ' ಎಂದು ಬಸ್ಸಿನ ಅರ್ಧ ಮಂದಿ ಸೇರಿ ಇಳಿಸುತ್ತಾರೆ. ಹೊರಗೆ ಬಂದರೆ ಟಂಟಂ ಆಟೊದವರು ಕೈಯಲ್ಲಿನ ಚೀಲ ಕಸಿದು ಒಳಗಿಟ್ಟು, ಆಮೇಲೆ ಯಾವ ಊರು ಎಂದು ಕೇಳುತ್ತಾರೆ.

ಇಲ್ಲಿ ಒದರುವವರೇ ಇಲ್ಲ. ಅಷ್ಟು ದೊಡ್ಡ ನಿಲ್ದಾಣ, ಅಷ್ಟೊಂದು ಜನ, ಬಾಯಿ ಮಾತ್ರ ಯಾರಿಗೂ ಇಲ್ಲ. ಬರೀ ಬಾಣಗಳು. ರೈಲಿಗೆ ಒಂದು ಬಾಣ, ಊರ ಬಸ್ಸಿಗೆ ಒಂದು, ಟ್ಯಾಕ್ಸಿಗೆ ಒಂದು, ಬಾಡಿಗೆ ಕಾರಿಗೆ ಇನ್ನೊಂದು. ಕೆಲವು ಬಾಣ ಮೇಲೆ ತೋರಿಸುತ್ತಿದ್ದವು. ಮೇಲೆ ಎಂದರೆ ಮುಂದೆ ಎಂದರ್ಥ ಎಂದು ಗೊತ್ತಾಗುವಷ್ಟರಲ್ಲಿ ನಾವು ಲಿಫ್ಟಿನಲ್ಲಿ ಎರಡು ಸಲ ಹತ್ತಿ ಇಳಿದಿದ್ದೆವು. ಕೋಟು ಹಾಕಿದವನೊಬ್ಬ ಪಕ್ಕಕ್ಕೆ ಬಂದು ಕಿವಿಯಲ್ಲಿ 'ಟ್ಯಾಕ್ಸಿ?' ಎಂದು ಪಿಸುಗುಟ್ಟಿದ. ಟಂಟಂನವನೇ, ದನಿ ಮಾತ್ರ ತಗ್ಗಿಸಿದ್ದ. ಊರಿನವರನ್ನು ಕಂಡಷ್ಟು ಸಂತೋಷವಾಯಿತು.

ಆದರೆ ನಾನು ಮೊದಲೇ ರೈಲು ಎಂದು ತೀರ್ಮಾನಿಸಿದ್ದೆ. ಊರೊಳಗಿನ ಹೋಟೆಲಿಗೆ ಹೋಗಿ ಸಾಮಾನು ಇಟ್ಟು, ಅಲ್ಲಿಂದ ಪ್ರದರ್ಶನಕ್ಕೆ ಹೋಗುವುದು. ಪ್ರದರ್ಶನ ಎಂದ ಮೇಲೆ ಊರ ನಡುವೆಯೇ ಇರುತ್ತದಲ್ಲ. ಹೊತ್ತು ಹನ್ನೆರಡರ ಹತ್ತಿರ. ಮೂರು ತಾಸು ಇತ್ತು.

"ಇಲ್ಲೇ ಕುಂದರು. ಏಳಬ್ಯಾಡ. ಟಿಕೆಟ್ ತಗೊಂಡು ಬರ್ತೀನಿ."

"ಪರಸ್ಯಾ, ಅಲ್ಲಿ ಏನೋ ಬರದಾರ ನೋಡು."

"ಬಾಣ ಅವು. ನನಗ ಗೊತ್ತೈತಿ, ನೀ ಕುಂದರು."

ಟಿಕೆಟ್ ಕೊಡುವ ಯಂತ್ರ ನನ್ನ ಕಾರ್ಡನ್ನು ಮೂರು ಸಲ ಉಗುಳಿತು. ನಾಲ್ಕನೆಯ ಸಲ ನುಂಗಿ, ಯೋಚಿಸಿ, ಎರಡು ಟಿಕೆಟ್ ಕೊಟ್ಟಿತು. ಗೆದ್ದವನಂತೆ ತಿರುಗಿ ಬಂದೆ. ಬೆಂಚಿನ ಪಕ್ಕ ನನ್ನ ಸೂಟ್‌ಕೇಸು ಒಂದೇ ನಿಂತಿತ್ತು. ಚಿಗವ್ವ ಇರಲಿಲ್ಲ. ದೊಡ್ಡ ಬ್ಯಾಗು ಇರಲಿಲ್ಲ. ಹಾಸು ಅದರಲ್ಲೇ ಇತ್ತು.

ವಿಚಾರಣೆ

ಫೋನ್ ಮಾಡುವ ಹಾಗಿರಲಿಲ್ಲ. 'ನೀ ಬಾಜೂಕ ಇರ್ತೀಯಲ್ಲ, ಅಲ್ಲಿ ನಾ ಯಾರಿಗೆ ಫೋನ್ ಮಾಡ್ಲಿ' ಎಂದು ಅವಳು ಫೋನನ್ನು ಕಾಕಾನ ಕೈಗೆ ಕೊಟ್ಟು ಬಂದಿದ್ದಳು. ಶೌಚಾಲಯದ ಬಾಗಿಲು, ನೀರಿನ ನಲ್ಲಿ, ಲಿಫ್ಟು ಎಲ್ಲ ನೋಡಿ ವಿಚಾರಣೆಯ ಮೇಜಿಗೆ ಓಡಿದೆ. ಅಲ್ಲಿದ್ದ ಹೆಂಗಸಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಹೆಸರು ಬರೆದುಕೊಂಡು ಧ್ವನಿವರ್ಧಕದಲ್ಲಿ ಕರೆಸಿದಳು. 'ಗಾಂಗಾವಾ' ಎಂದು ನಿಲ್ದಾಣವೆಲ್ಲ ಮೊಳಗಿತು. ಆ ಗಾಂಗಾವಾ ಯಾರೆಂದು ನಮ್ಮ ಗಂಗವ್ವನಿಗೆ ತಿಳಿಯುವ ಹಾಗಿರಲಿಲ್ಲ.

"ಸೀರೆಯ ಬಣ್ಣ ಯಾವುದು?" ಎಂದಳು ಆಕೆ.

ನಾನು ನೇಕಾರರ ಮನೆಯಲ್ಲಿ ಬೆಳೆದವನು. ಹಸಿರು ಅಂದೆ. ಅಲ್ಲ, ನೀಲಿ ಅಂದೆ. ಈಗಲೂ ಕಣ್ಣು ಮುಚ್ಚಿದರೆ ನನಗೆ ಹಸಿರೇ ಕಾಣುತ್ತದೆ. ಚಿಗವ್ವ ಆ ಸೀರೆಯನ್ನು ನನ್ನೆದುರಿಗೇ ಟ್ರಂಕಿನಿಂದ ತೆಗೆದು ತೋರಿಸಿದ್ದಾಳೆ. ಅದು ದಾಳಿಂಬೆಯ ಬಣ್ಣ.

ಜಮಖಂಡಿಯಿಂದ ಹೊರಡುವಾಗ ಕಾಗದದ ಝೆರಾಕ್ಸ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೆ. ಅದನ್ನು ಮೇಜಿನ ಮೇಲೆ ಹರಡಿದೆ. ಆಕೆ ಓದಿದಳು. ಕೊನೆಯ ಸಾಲಿಗೆ ಬಂದಾಗ ಮುಖ ಅರಳಿತು.

"ನಿಮ್ಮ ಆಂಟಿ ಕಳೆದುಹೋಗಿಲ್ಲ. ಶಟಲ್‌ನಲ್ಲಿ ಹೋಗಿರಬೇಕು."

ಶಟಲ್‌ನಲ್ಲಿ ಹೋಗುವುದು ಹೇಗೆ ಎಂದು ನಾನು ಕೇಳಿರಬೇಕು. ನನಗೆ ಕೇಳಿದ ನೆನಪಿಲ್ಲ, ಆಕೆಯ ಮುಖ ಮಾತ್ರ ನೆನಪಿದೆ. ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಶಟಲ್ ಎಂದರೆ ಬಸ್ಸು. ನಿಲ್ದಾಣದಿಂದ ಪ್ರದರ್ಶನದ ಸಭಾಂಗಣಕ್ಕೆ ಹೋಗಿ ಬರುವ, ದುಡ್ಡು ಕೇಳದ ಬಸ್ಸು. ಸಭಾಂಗಣ ಊರೊಳಗೆ ಇಲ್ಲ, ಇಲ್ಲೇ, ಹತ್ತು ನಿಮಿಷದ ಹಾದಿ. ಕಾಗದದಲ್ಲಿದ್ದದ್ದು ಬಸ್ಸು ನಿಲ್ಲುವ ಬಾಗಿಲಿನ ಸಂಖ್ಯೆ. ಹನ್ನೆರಡರದು ಹೋಯಿತು. ಮುಂದಿನದು ಎರಡೂವರೆಗೆ.

ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಶಟಲ್ ಎಂದರೆ ಬಸ್ಸೂ ಹೌದು ಎಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಮಗ್ಗದ ಸಾಮಾನಿನ ಪಟ್ಟಿಯ ಕೆಳಗೆ ಆ ಪದ ಕಂಡ ಕೂಡಲೇ ನನ್ನೊಳಗಿನ ಮೇಷ್ಟ್ರು ಎದ್ದು ಹೋಗಿ ಬನಹಟ್ಟಿಯವನು ಬಂದು ಕೂತಿದ್ದ.

ಅವಳು ಹೇಳುವುದು

ಈ ಭಾಗವನ್ನು ಚಿಗವ್ವನಿಂದ ಮೂರು ಸಲ ಕೇಳಿದ್ದೇನೆ. ಮೂರೂ ಸಲ ಬೇರೆ ಬೇರೆ. ಮೂರರಲ್ಲೂ ಇದ್ದದ್ದನ್ನಷ್ಟೇ ಬರೆಯುತ್ತೇನೆ.

ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಒಂದೆರಡು ಪದಗಳ ಮುಖ ಗೊತ್ತು. ಮದುವೆಗೆ ಮುಂಚೆ ಪಾವರ್‌ಲೂಮಿನ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಸುತ್ತಿದ್ದನ್ನು ಹಾಕಲು ಶಟಲ್ ಬಂದ ಖಾಲಿ ರಟ್ಟಿನ ಪೆಟ್ಟಿಗೆ ಕೊಡುತ್ತಿದ್ದರು. ಅದರ ಮೇಲಿನ ಅಕ್ಷರ ದಿನಾ ಕಣ್ಣೆದುರಿಗೆ. 'ಮೊದಲಿಗೆ ಹಾವು, ನಡುವ ಜೋಡಿ ಕಂಬ.' ಹಾವು ಎಂದರೆ S, ಜೋಡಿ ಕಂಬ ಎಂದರೆ TT. ನಾನು ಯಂತ್ರದ ಮುಂದೆ ನಿಂತಾಗ ಅವಳು ಬೆಂಚಿನ ಮೇಲಿಂದ ಅದೇ ಹಾವನ್ನು ಕಂಡಳು, ಅದೇ ಜೋಡಿ ಕಂಬವನ್ನು.

"ಶಟಲ್ ಅವರ ಕೊಡ್ತಾರಂತ ನೀನ ಹೇಳಿದ್ದೆಲ್ಲೋ. ಇಲ್ಲೇ ಕೊಡಾಕತ್ತಾರ ಅಂತ ತಿಳದೆ. ತಗೊಳ್ಳಾಕಲ್ಲ, ಹೆಂಗೈತಿ ನೋಡಿ ಬರೂನು ಅಂತ ಹೋದೆ. ನಿನ್ನ ಒದರಿದೆ. ನೀ ಹೊಳ್ಳಿ ನೋಡಲಿಲ್ಲ."

ಅವಳು ಒದರಿದ್ದು ನನಗೆ ಕೇಳಿಸಿಲ್ಲ. ಇಷ್ಟು ಮೌನದ ನಿಲ್ದಾಣದಲ್ಲಿ ಚಿಗವ್ವ ಒದರಿದ್ದರೆ ಕೇಳಿಸದೆ ಇರುತ್ತದೆಯೆ? ಅವಳು ಒದರಿದೆ ಎನ್ನುತ್ತಾಳೆ. ಇರಲಿ.

ಬಾಣ ಹಿಡಿದು ಹೋದರೆ ಒಂದು ಬಾಗಿಲು, ಹೊರಗೆ ಬಿಳಿ ಬಸ್ಸು, ಅದರ ಹಣೆಯ ಮೇಲೆ ಅದೇ ಹಾವು, ಅದೇ ಕಂಬ. ಬಸ್ಸಿನ ಪಕ್ಕ ಡ್ರೈವರ್, ಕಪ್ಪಗೆ, ಎತ್ತರದ ಆಳು. ಚಿಗವ್ವ ಬ್ಯಾಗು ಬಿಚ್ಚಿ, ರೊಟ್ಟಿ ಸರಿಸಿ, ತನ್ನ ಲಾಳಿ ತೆಗೆದು ಅವನಿಗೆ ತೋರಿಸಿದಳು. ಇಂಥಾದ್ದು ಎಲ್ಲಿ ಕೊಡ್ತಾರೆ ಎಂದು ಕೇಳುವುದು ಅವಳ ಉದ್ದೇಶ. ಅವನು ಲಾಳಿ ನೋಡಿದ. 'ನಾವೆತ್' ಎಂದ. ಬಸ್ಸಿನ ಮೈ ತಟ್ಟಿ ಮತ್ತೆ 'ನಾವೆತ್' ಎಂದ. ಫ್ರೆಂಚಿನಲ್ಲೂ ಎರಡಕ್ಕೂ ಒಂದೇ ಹೆಸರಂತೆ.

"ನಾ ಇದು ಅಂದೆ, ಅಂವಾ ಅದು ಅಂದ. ಇಬ್ಬರೂ ನಕ್ವಿ."

ಹತ್ತಿದ್ದು ಯಾಕೆ ಎಂದು ನಾನು ಸಿಟ್ಟಿನಿಂದಲೇ ಕೇಳಿದ್ದೇನೆ.

"ಒಳಗ ಹಣಿಕಿ ಹಾಕಿದೆ. ಆರೇಳು ಮಂದಿ ಗಂಟು ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ರು. ಒಬ್ಬಾಕಿ ಅಂತೂ ಕೂಸಿನ ಹಂಗ ಅಪ್ಪಿ ಹಿಡದಿದ್ಳು. ನೂಲಿನ ಗಂಟು ಹಂಗ ಹಿಡಿಯಾವ್ರು ಯಾರಂತ ನನಗ ತಿಳಿಯೂದಿಲ್ಲೇನು? ನಮ್ಮ ಮಂದಿ ಹೊಂಟಾರ ಅಂದ ಮ್ಯಾಲ ನಾ ಯಾಕ ಕುಂದರ್ಲಿ? ನೀ ಹಿಂದಿನ ಗಾಡಿಗೆ ಬರ್ತಿ ಅಂದ್ಕೊಂಡೆ."

ರೈಲು

ಎರಡೂವರೆಯ ಬಸ್ಸಿಗೆ ಕಾಯಬೇಕಿತ್ತು. ಕೈಯಲ್ಲಿ ಟಿಕೆಟ್ ಇತ್ತು, ಸುಮ್ಮನೆ ನಿಲ್ಲಲು ಆಗಲಿಲ್ಲ. ಸಭಾಂಗಣಕ್ಕೆ ರೈಲಿನಲ್ಲಿ ಹೋಗಬಹುದು, ಎರಡನೆಯದೋ ಮೂರನೆಯದೋ ನಿಲ್ದಾಣ ಎಂದು ಒಬ್ಬರು ಹೇಳಿದರು. ಓಡಿ ಹತ್ತಿದೆ. ಬಾಗಿಲು ಮುಚ್ಚಿತು. ಸಭಾಂಗಣದ ಹೆಸರಿನ ಬೋರ್ಡು ಕಿಟಕಿಯಾಚೆ ಬಂತು, ನಾನು ಎದ್ದು ನಿಂತೆ, ಬೋರ್ಡು ಹಾಗೇ ಹಿಂದಕ್ಕೆ ಹೋಯಿತು. ನಾನು ಹತ್ತಿದ್ದು ಎಲ್ಲೂ ನಿಲ್ಲದೆ ನೇರ ಊರಿಗೆ ಹೋಗುವ ಗಾಡಿ. 'ನಿಂದರೂದಿಲ್ಲ, ಇಳೀರಿ' ಎನ್ನಲು ಇಲ್ಲಿ ಯಾರೂ ಇರಲಿಲ್ಲ. ಎದುರಿನ ಹುಡುಗಿ ನನ್ನ ಮುಖ ನೋಡಿ ತನ್ನ ಕಿವಿಯ ಇಯರ್‌ಫೋನ್ ಕಿತ್ತು, ಏನೋ ಕೇಳಲು ಹೋಗಿ, ಮತ್ತೆ ಸಿಕ್ಕಿಸಿಕೊಂಡಳು.

ಊರು ಬರುವವರೆಗೆ ನಾನು ಯೋಚಿಸಿದ್ದು ಒಂದೇ. ಅವಳು ತಲುಪಿರುತ್ತಾಳೆ. ಆದರೆ ಹಾಸಿನ ಇನ್ನೊಂದು ತುದಿ ಯಾರು ಹಿಡಿಯುತ್ತಾರೆ? ಒಬ್ಬಳೇ ಏರಿಸಲು ಬರುವುದಿಲ್ಲ. ಯಾರನ್ನಾದರೂ ಕರೆಯೋಣ ಎಂದರೆ ಭಾಷೆಯಿಲ್ಲ. ಭಾಷೆ ಇಲ್ಲಿ, ರೈಲಿನಲ್ಲಿ, ತಪ್ಪು ದಿಕ್ಕಿಗೆ ಹೊರಟಿದೆ.

ಊರಿನಲ್ಲಿ ಇಳಿದು, ಎಲ್ಲ ಕಡೆ ನಿಲ್ಲುವ ಗಾಡಿಯೇ ಹೌದೆಂದು ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡು, ಮರಳಿ ಹತ್ತಿದೆ. ಪಕ್ಕದಲ್ಲಿ ಕೂತ ವಯಸ್ಸಾದವರು ನನ್ನ ಸೂಟ್‌ಕೇಸು ನೋಡಿ, ವಿಮಾನಕ್ಕೆ ತಡವಾಯಿತೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ, ನನ್ನ ಚಿಗವ್ವ ಪ್ರದರ್ಶನದಲ್ಲಿ ನೇಯುತ್ತಿದ್ದಾಳೆ ಎಂದೆ. ಚಿಗವ್ವ ಎಂಬುದಕ್ಕೆ ಇಂಗ್ಲಿಷ್ ಹುಡುಕುವ ಮನಸ್ಸಾಗಲಿಲ್ಲ. ಒಬ್ಬಳೇ ಹೋಗಿದ್ದಾಳೆ, ಇಲ್ಲಿನ ಒಂದು ಅಕ್ಷರವೂ ಬರುವುದಿಲ್ಲ ಎಂದೂ ಹೇಳಿದೆ. ಅವರು ಅದನ್ನು ವಿಚಾರಿಸಿರಲಿಲ್ಲ. ನನ್ನ ದನಿ ಯಾಕೋ ಏರಿತ್ತು. ಚಿಂತೆಯ ಜೊತೆಗೆ ಇನ್ನೊಂದು ಎದೆಯಲ್ಲಿ ಉಬ್ಬುತ್ತಿತ್ತು. ನಮ್ಮ ಚಿಕ್ಕಪಡಸಲಗಿಯ ರೈತರು ಸರ್ಕಾರಕ್ಕೂ ಕಾಯದೆ ಕೃಷ್ಣೆಗೆ ತಾವೇ ಒಡ್ಡು ಕಟ್ಟಿಕೊಂಡ ಮಂದಿ. ಅದೇ ನೀರು ಕುಡಿದವಳು ನನಗೋಸ್ಕರ ಬೆಂಚಿನ ಮೇಲೆ ಕೂತಿರುತ್ತಾಳೆ ಎಂದುಕೊಂಡವನು ನಾನೇ ದಡ್ಡ.

ರೈಲು ನಿಲ್ದಾಣದಿಂದ ಓಡುತ್ತ ಸಭಾಂಗಣದ ಗೇಟು ಮುಟ್ಟಿದಾಗ ಪಕ್ಕದಲ್ಲೇ ಬಿಳಿ ಬಸ್ಸೊಂದು ಬಂದು ನಿಂತಿತು. ಎರಡೂವರೆಯ ಶಟಲ್. ಅದರಲ್ಲಿದ್ದವರು ಬೆವರಿರಲಿಲ್ಲ.

ಮಗ್ಗ

ಚಿಗವ್ವನ ದನಿ ನನಗೆ ಮೊದಲು ಕೇಳಿಸಿತು, ಆಮೇಲೆ ಅವಳು ಕಂಡಳು.

"ಜಗ್ಗಬ್ಯಾಡೋ ನಮ್ಮಪ್ಪಾ! ಹಿಡಿ ಅಷ್ಟ! ಹಾಂ... ಬಿಡು... ಬಿಡು... ನಿಂದರು!"

ಮಗ್ಗದಿಂದ ಹತ್ತು ಮಾರು ದೂರದಲ್ಲಿ ಡ್ರೈವರಿನ ಸಮವಸ್ತ್ರ ತೊಟ್ಟ ಆ ಎತ್ತರದ ಆಳು, ಹಿಂದಕ್ಕೆ ವಾಲಿ, ಎರಡೂ ಮುಷ್ಟಿಯಲ್ಲಿ ನಮ್ಮ ಹಾಸಿನ ತುದಿ ಹಿಡಿದು ನಿಂತಿದ್ದ. 'ಬಿಡು' ಎಂದರೆ ಒಂದು ಹೆಜ್ಜೆ ಮುಂದೆ ಬರುತ್ತಿದ್ದ, 'ನಿಂದರು' ಎಂದರೆ ನಿಲ್ಲುತ್ತಿದ್ದ. ಎರಡು ತಾಸಿನಲ್ಲಿ ಅವನಿಗೆ ಎರಡು ಕನ್ನಡ ಪದ ಬಂದಿತ್ತು, ಆ ಕೆಲಸಕ್ಕೆ ಅಷ್ಟೇ ಸಾಕಿತ್ತು. ಅವನ ಹೆಸರು ಮಮದು ಎಂದು ಆಮೇಲೆ ತಿಳಿಯಿತು. ಹನ್ನೆರಡರ ಸರದಿ ಮುಗಿಸಿ ಮನೆಗೆ ಹೋಗಬೇಕಿದ್ದವನು. ಅವಳ ಬ್ಯಾಗು ಹೊತ್ತುಕೊಟ್ಟು ಹೊರಟವನ ಕೈಗೆ ಅವಳು ಹಾಸಿನ ತುದಿ ಕೊಟ್ಟಿದ್ದಳು.

"ಕೊಡ್ರಿ, ನಾ ಹಿಡೀತೀನಿ" ಎಂದು ಸೂಟ್‌ಕೇಸು ಒಗೆದು ಓಡಿದೆ.

"ಮುಟ್ಟಬ್ಯಾಡ!" ಚಿಗವ್ವ ತಲೆ ಎತ್ತಲಿಲ್ಲ. "ನಡುವ ಕೈ ಬದಲಾದ್ರ ಬಿಗಿ ಬದಲಾಗ್ತೈತಿ. ಅಂವಗ ಕೈ ಕುಂತೈತಿ. ನೀ ಗಡಿಯಾರ ನೋಡು."

ನೋಡಿದೆ. ಮೂರಕ್ಕೆ ಹದಿನೈದು ನಿಮಿಷ ಇತ್ತು. ಅಷ್ಟು ದೂರ ಹೋಗಿ ನಾನು ಮಾಡಿದ ಕೆಲಸ ಅದೊಂದೇ.

"ಇನ್ನ ಹನ್ನೆರಡು ನಿಮಿಷ" ಎಂದೆ. "ಎಂಟು" ಎಂದೆ.

"ಅಷ್ಟ ಒದರಬ್ಯಾಡ, ಎಳಿ ನಡಗತಾವ."

ಮೂರಕ್ಕೆ ಎರಡು ನಿಮಿಷ ಇರುವಾಗ ಕೊನೆಯ ಗಂಟು ಬಿತ್ತು ಎಂದು ಬರೆಯಲು ಕೈ ಹಾತೊರೆಯುತ್ತದೆ. ಹಾಗಾಗಲಿಲ್ಲ. ಗೋಡೆಯ ಗಡಿಯಾರ ಮೂರು ದಾಟಿತ್ತು. ಮಮದು ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಪಟ್ಟಿ ಹಿಡಿದ ಮೇಲ್ವಿಚಾರಕಿ ಬಂದು ನಿಂತಳು. ನಾನು ಇಂಗ್ಲಿಷಿನಲ್ಲಿ ರೈಲು, ಯಂತ್ರ, ಬಾಣ ಎಂದೇನೋ ಶುರು ಮಾಡಿದೆ. ಆಕೆ ಕೈಯೆತ್ತಿ ನನ್ನನ್ನು ತಡೆದಳು. ಕೇಳಲಿಲ್ಲ. ಮಗ್ಗದ ಹತ್ತಿರ ಹೋಗಿ, ಏರಿದಷ್ಟು ಹಾಸಿನ ಮೇಲೆ ಬೆನ್ನುಗೈ ಇಟ್ಟು ಈ ದಡಿಯಿಂದ ಆ ದಡಿಯವರೆಗೆ ಸವರಿದಳು. ಒಂದೆಡೆಯೂ ಜೋಲು ಇರಲಿಲ್ಲ. ಗಡಿಯಾರ ನೋಡಿದಳು. ಪಟ್ಟಿಯಲ್ಲಿ ಏನೋ ಬರೆದಳು. ಬಗ್ಗಿ ನೋಡಿದೆ, ಮೂರು ಎಂದೇ ಬರೆದಿದ್ದಳು. ಆಮೇಲೆ ಚಿಗವ್ವ ಕೊನೆಯ ಗಂಟು ಬಿಗಿಯುವವರೆಗೆ ಅಲ್ಲೇ ಕೈಕಟ್ಟಿ ನಿಂತಳು, ನಮ್ಮ ಓಣಿಯ ಹೆಂಗಸರು ಮಗ್ಗದ ಪಕ್ಕ ನಿಲ್ಲುವ ಹಾಗೆಯೇ.

ಮಮದುವಿನ ಅಂಗೈಯಲ್ಲಿ ನೂಲಿನ ಗೆರೆ ಎದ್ದಿದ್ದವು. ಅವನು ಅದನ್ನು ನನಗೆ ತೋರಿಸಿ ಹೆಮ್ಮೆಯಿಂದ ನಕ್ಕ. ಚಿಗವ್ವ ಅವನಿಗೆ ನಾಲ್ಕು ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಕೊಟ್ಟಳು. "ಊಟದ ಹೊತ್ತು ಮೀರಿಸಿದೆ ನಿಂದು. ಬಿಡು, ಹೋಗು ಇನ್ನ" ಎಂದಳು. 'ಬಿಡು' ಕೇಳಿ ಅವನು ಅಭ್ಯಾಸದಿಂದ ಒಂದು ಹೆಜ್ಜೆ ಮುಂದೆ ಬಂದ.

ಇಬ್ಬರು ಬಂದು ಮಗ್ಗದ ಮುಂದೆ ಫಲಕ ನಿಲ್ಲಿಸಿ ಹೋದರು. ಚಿಗವ್ವ ತಕ್ಷಣ ನೋಡಲಿಲ್ಲ. ಕೂತು ನೇಯತೊಡಗಿದಳು. ಜನ ಕೂಡಿದರು. ಗೇಣುದ್ದ ಬಟ್ಟೆ ಆದ ಮೇಲೆ ಎದ್ದು, ಮೊಣಕಾಲು ತಿಕ್ಕಿಕೊಂಡು, ಸುತ್ತಿ ಬಂದು ಫಲಕದ ಮುಂದೆ ನಿಂತಳು.

"ಇದರಾಗ ಗಂಗವ್ವ ಯಾವುದು?"

ತೋರಿಸಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದಳು.

"ನಮ್ಮಲ್ಲಿ ಮೂರ. ಇಲ್ಲಿ ಎಂಟು ಅದಾವಲ್ಲೋ."

"ಇಂಗ್ಲಿಷಿನಾಗ ಅಷ್ಟು ಬೇಕಾಗ್ತಾವ."

"ಇರ್ಲಿ, ಇರ್ಲಿ" ಎಂದಳು.

ಫೋಟೊ ತೆಗೆಯುತ್ತೇನೆ ನಿಂದರು ಎಂದು ಫೋನ್ ಎತ್ತಿದೆ. ಸೆರಗು ಸರಿ ಮಾಡಿಕೊಂಡು ನಿಂತವಳು, ನಾನು ಇನ್ನೇನು ಒತ್ತಬೇಕು ಎನ್ನುವಾಗ ಪಕ್ಕಕ್ಕೆ ಸರಿದಳು.

"ನನ್ನ ಮಾರಿ ಬನಹಟ್ಟ್ಯಾಗ ಎಲ್ಲಾರೂ ನೋಡ್ಯಾರ. ಹೆಸರು ತಗಿ."